ಕಣ್ಣಿಗೆ ಕಂಡ ಚೆಂದ ಫೋಟೋದಲ್ಲಿ ಯಾಕೆ ಬರುವುದಿಲ್ಲ? ಚೌಕಟ್ಟು ಕಟ್ಟುವುದನ್ನು ಕಲಿಯುವವರಿಗೆ

"ಜೋಗಕ್ಕೆ ಹೋಗಿದ್ದೆ ಸರ್, ಎಂಥಾ ನೀರು ಗೊತ್ತಾ! ಆದ್ರೆ ಮನೆಗೆ ಬಂದು ಫೋಟೋ ನೋಡಿದ್ರೆ ಅದ್ಯಾವುದೂ ಇಲ್ಲ. ಯಾವ ಕ್ಯಾಮೆರಾ ತಗೊಳ್ಳಲಿ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೆಲವರಿಗೆ ಜೋಗದ ಬದಲು ಹಂಪಿ ಇರುತ್ತದೆ, ಕೆಲವರಿಗೆ ಮುಳ್ಳಯ್ಯನಗಿರಿ, ಇನ್ನು ಕೆಲವರಿಗೆ ಅಜ್ಜಿ ಮನೆಯ ಅಂಗಳ. ಕೊನೆಗೆ ಬಂದು ನಿಲ್ಲುವುದು ಮಾತ್ರ ಕ್ಯಾಮೆರಾದ ಹತ್ತಿರವೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ನೋಡೋಣ. ಜೋಗದ ಎದುರು ನಿಂತಾಗ ನೀವು ನೀರನ್ನು ಮಾತ್ರ ನೋಡುತ್ತೀರಿ. ಮುಂದಿನ ಕಂಬಿ, ಪಕ್ಕದವರ ಕೊಡೆ, ಮೇಲಿನ ಬಿಳಿ ಆಕಾಶ ಎಲ್ಲವೂ ಕಣ್ಣಿಗೆ ಬೀಳುತ್ತವೆ, ಆದರೆ ಮನಸ್ಸು ಅವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಕ್ಯಾಮೆರಾಗೆ ಹಾಗೆ ತಳ್ಳಲು ಬರುವುದಿಲ್ಲ. ಎದುರಿಗಿದ್ದದ್ದನ್ನೆಲ್ಲ ಒಂದೇ ಸಮ ತುಂಬಿಕೊಳ್ಳುತ್ತದೆ. ತಳ್ಳುವ ಆ ಕೆಲಸವನ್ನು ನೀವು ಕೈಯಾರೆ ಮಾಡಬೇಕು. ಅದನ್ನೇ ಕಂಪೋಸಿಷನ್ ಅನ್ನುತ್ತಾರೆ. ಅಂದರೆ ಚೌಕಟ್ಟಿನ ಒಳಗೆ ಏನಿರಬೇಕು, ಏನು ಹೊರಗೆ ಹೋಗಬೇಕು, ಒಳಗೆ ಉಳಿದದ್ದು ಯಾವುದರ ಪಕ್ಕದಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು. ಇದರಲ್ಲಿ ಮುಕ್ಕಾಲು ಪಾಲು ನೀವು ನಿಲ್ಲುವ ಜಾಗದಲ್ಲೇ ತೀರ್ಮಾನವಾಗಿಬಿಡುತ್ತದೆ. ಕ್ಯಾಮೆರಾ ಬದಲಾಯಿಸುವ ಮೊದಲು ನಿಂತ ಜಾಗ ಬದಲಾಯಿಸಿ ನೋಡಿ ಎಂದು ನಾನು ಹೇಳುವುದು ಅದಕ್ಕೇ.

ಏನೇನು ಬೇಕು

ಈಗ ಕೈಯಲ್ಲಿರುವ ಫೋನ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿಕೊಳ್ಳಿ. ಗ್ರಿಡ್ ಅಂದರೆ ಪರದೆಯ ಮೇಲೆ ಕಾಣುವ ಎರಡು ಅಡ್ಡ, ಎರಡು ಉದ್ದ ಗೆರೆಗಳು. ಅವು ಫೋಟೋದಲ್ಲಿ ಬರುವುದಿಲ್ಲ. ಲೆನ್ಸ್ ಒರೆಸಲು ಒಂದು ಮೆತ್ತನೆ ಹತ್ತಿ ಬಟ್ಟೆ ಇರಲಿ. ಜೇಬಿನಲ್ಲಿ ಕೂತ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಬೆಳಕಿನ ಎದುರು ಫೋಟೋ ಮಂಜುಮಂಜಾಗಿ ಬರುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಜಾರದ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ.

ಫೋನಿನಲ್ಲಿ 0.5, 1, 3 ಎಂದು ಕಾಣುವುದು ಬೇರೆ ಬೇರೆ ಲೆನ್ಸ್‌ಗಳು. ಸಂಖ್ಯೆ ಚಿಕ್ಕದಾದಷ್ಟೂ ಅಗಲದ ನೋಟ ಸಿಗುತ್ತದೆ. ಆ ಸಂಖ್ಯೆಗಳನ್ನು ಒತ್ತಿ ಬದಲಾಯಿಸಿ. ಎರಡು ಬೆರಳಲ್ಲಿ ಎಳೆದು ಜಾಸ್ತಿ ದೊಡ್ಡದು ಮಾಡಿದರೆ ಫೋನ್ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ, ಎಲೆಗಳೆಲ್ಲ ಪಾಚಿಯ ಹಾಗೆ ಕಲಸಿಹೋಗುತ್ತವೆ.

1. ಮೊದಲು ಫೋನ್ ಜೇಬಿನಲ್ಲೇ ಇರಲಿ

ಜಾಗಕ್ಕೆ ಹೋದ ತಕ್ಷಣ ಕ್ಲಿಕ್ಕಿಸಬೇಡಿ. ಐದು ನಿಮಿಷ ಸುಮ್ನೆ ನಿಂತು, ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂದು ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. "ಹಂಪಿ ಚೆನ್ನಾಗಿದೆ" ಎಂದರೆ ಫೋಟೋ ತೆಗೆಯಲು ಏನೂ ಸಿಗುವುದಿಲ್ಲ. "ಒಣಗಿದ ಬಂಡೆಗಳ ಮಧ್ಯೆ ಬಾಳೆತೋಟದ ಹಸಿರು" ಎಂದರೆ ಸಿಗುತ್ತದೆ. ಬಂಡೆ ಬೇಕು, ಹಸಿರು ಬೇಕು, ಎರಡೂ ಒಂದಕ್ಕೊಂದು ತಾಗುವ ಗಡಿ ಬೇಕು. ಮಿಕ್ಕಿದ್ದೆಲ್ಲ ಹೊರಗೆ. ವಾಕ್ಯದಲ್ಲಿ ಬಾರದ ವಸ್ತು ಚೌಕಟ್ಟಿನೊಳಗೆ ಕಂಡರೆ, ಅದು ಇಲ್ಲಿ ಯಾಕಿದೆ ಎಂದು ಕೇಳಿಕೊಳ್ಳಿ.

2. ನಿಲ್ಲುವ ಜಾಗ ಹುಡುಕಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನಾನು ಹೆಚ್ಚು ಹೊತ್ತು ಕಳೆಯುವುದೂ ಇಲ್ಲೇ.

ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪಿಯ ಫೋಟೋ ತೆಗೆದರು. ಆಗ ಫಿಲ್ಮ್ ಇರಲಿಲ್ಲ, ಕಾಗದದ ಮೇಲೆಯೇ ನೆಗೆಟಿವ್ ಮಾಡುತ್ತಿದ್ದರು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಆ ಚಿತ್ರಗಳನ್ನು ಹಿಡಿದುಕೊಂಡು ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ತೆಗೆದರು. 127 ವರ್ಷದ ಮೇಲೆ ಒಬ್ಬರು ಕ್ಯಾಮೆರಾ ಇಟ್ಟ ಜಾಗವನ್ನು ಇನ್ನೊಬ್ಬರು ಕಂಡುಹಿಡಿಯಲು ಹೇಗೆ ಸಾಧ್ಯ? ಕಂಬದ ಅಂಚು ಹಿಂದಿನ ಗೋಪುರವನ್ನು ಎಲ್ಲಿ ಮುಟ್ಟುತ್ತದೆ, ಬಂಡೆ ಮಂಟಪವನ್ನು ಎಷ್ಟು ಮರೆಮಾಡುತ್ತದೆ ಎಂಬುದು ನಿಂತ ಜಾಗದಿಂದಲೇ ತೀರ್ಮಾನವಾಗುತ್ತದೆ. ಅರ್ಧ ಹೆಜ್ಜೆ ಸರಿದರೆ ಆ ಹೊಂದಿಕೆ ಕೆಟ್ಟಿತು. ಲೆನ್ಸ್ ಬದಲಿಸಿದರೆ ನೋಟ ಅಗಲವಾಗುತ್ತದೆ ಅಥವಾ ಕಿರಿದಾಗುತ್ತದೆ ಅಷ್ಟೇ, ಯಾವುದರ ಹಿಂದೆ ಯಾವುದು ಎಂಬುದು ಬದಲಾಗುವುದಿಲ್ಲ.

ಈಗ ನೀವೇ ಮಾಡಿ ನೋಡಿ. ಮಾತಂಗ ಬೆಟ್ಟ ಹತ್ತಿದವರೆಲ್ಲ ಬೆಳಗ್ಗೆ ಪೂರ್ವಕ್ಕೆ ತಿರುಗಿ ಸೂರ್ಯನಿಗೆ ಫೋನ್ ಹಿಡಿಯುತ್ತಾರೆ. ನೀವು ಉತ್ತರಕ್ಕೆ ತಿರುಗಿ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಮುಂದೆ ನದಿಯ ಕಡೆಗೆ ಹೋಗುವ ಉದ್ದನೆಯ ಹಳೇ ಬಜಾರು ಬೀದಿ ಕಾಣುತ್ತದೆ. ಬಿಸಿಲು ಬಲಗಡೆಯಿಂದ ಬರುವುದರಿಂದ ಒಂದೊಂದು ಬಂಡೆಗೂ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ನೆರಳು. ಈಗ ನಾಲ್ಕು ಹೆಜ್ಜೆ ಕೆಳಗಿಳಿಯಿರಿ. ಗೋಪುರ, ಪ್ರಾಕಾರದ ಗೋಡೆ, ಹಿಂದಿನ ಬಂಡೆ ಎಲ್ಲ ಒಂದರ ಮೇಲೊಂದು ಅಂಟಿಕೊಂಡ ಹಾಗೆ ಆಗುತ್ತವೆ. ಮತ್ತೆ ಮೇಲೆ ಹತ್ತಿ. ಅವುಗಳ ನಡುವೆ ನೆಲ ಕಾಣಿಸಿಕೊಳ್ಳುತ್ತದೆ, ಒಂದೊಂದೂ ಬಿಡಿಸಿಕೊಂಡು ನಿಲ್ಲುತ್ತದೆ.

ಎಲ್ಲಿ ಹೋದರೂ ಮೂರು ದಿಕ್ಕಿನಲ್ಲಿ ಪರೀಕ್ಷೆ ಮಾಡಿ. ಎಡಕ್ಕೆ ಬಲಕ್ಕೆ ಸರಿದರೆ ಯಾವುದು ಯಾವುದನ್ನು ಮರೆಮಾಡುತ್ತದೆ ಎಂಬುದು ಬದಲಾಗುತ್ತದೆ. ಕೂತರೆ, ನಿಂತರೆ, ಕಟ್ಟೆ ಹತ್ತಿದರೆ ನೆಲ ಎಷ್ಟು ಕಾಣುತ್ತದೆ ಎಂಬುದು ಬದಲಾಗುತ್ತದೆ. ಹತ್ತಿರ ಹೋದರೆ ಮುಂದಿನದು ದೊಡ್ಡದಾಗಿ ಹಿಂದಿನದು ಕುಗ್ಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಎಲ್ಲ ಫೋಟೋಗಳನ್ನೂ ನಿಂತಲ್ಲೇ, ಕಣ್ಣಿನ ಎತ್ತರದಲ್ಲೇ ತೆಗೆಯುವುದು. ಮಲೆನಾಡಿನ ಗದ್ದೆಯನ್ನು ಒಮ್ಮೆ ಬದುವಿನ ಮೇಲೆ ಕೂತು ತೆಗೆಯಿರಿ. ಪೈರಿನ ತುದಿ ಗುಡ್ಡವನ್ನು ಮುಟ್ಟುತ್ತದೆ, ಮಧ್ಯದ ಲೈಟು ಕಂಬ, ತಂತಿ ಬೇಲಿ ಎಷ್ಟೋ ಸಲ ಪೈರಿನ ಹಿಂದೆ ಅಡಗಿಹೋಗುತ್ತವೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಒಳ್ಳೆ ಜಾಗ ಹುಡುಕಿ ಎಂದರೆ ಕಂಬಿ ದಾಟಿ ಎಂದಲ್ಲ. ಜಲಪಾತದ ಅಂಚಿನ ಬಂಡೆ ಒಣಗಿದಂತೆ ಕಂಡರೂ ಪಾಚಿ ಇರುತ್ತದೆ. ಸಕಲೇಶಪುರದ ಕಡೆ ರೈಲು ಹಳಿ, ಸೇತುವೆ, ಸುರಂಗದಲ್ಲಿ ನಡೆದುಹೋಗಿ ಫೋಟೋ ತೆಗೆಯುವುದು ಅಪರಾಧ, ಜೀವಕ್ಕೂ ಅಪಾಯ. ಆ ಫೋಟೋ ಬೇಡ.

3. ದೊಡ್ಡದು ದೊಡ್ಡದಾಗಿ ಕಾಣಬೇಕಾದರೆ

ಜೋಗದ ಎತ್ತರ 253 ಮೀಟರ್. ಅಂದರೆ ಒಬ್ಬ ಆಳಿನ ಸುಮಾರು ನೂರೈವತ್ತರಷ್ಟು. ಫೋನಿನ ಪರದೆಯಲ್ಲಿ ಅದು ಬೆರಳುದ್ದದ ಬಿಳಿ ದಾರ. ನೋಡುವವರಿಗೆ ಎತ್ತರ ಗೊತ್ತಾಗಬೇಕಾದರೆ ಪಕ್ಕದಲ್ಲಿ ಗೊತ್ತಿರುವ ಅಳತೆಯದೊಂದು ಇರಬೇಕು. ಅದಕ್ಕೇ ಎಲ್ಲರೂ ಗೆಳೆಯನನ್ನು ಮುಂದೆ ನಿಲ್ಲಿಸುತ್ತಾರೆ. ಆಗ ಗೆಳೆಯ ಜಲಪಾತಕ್ಕಿಂತ ಎತ್ತರವಾಗುತ್ತಾನೆ! ಅಳತೆಗೋಲು ಜಲಪಾತದಷ್ಟೇ ದೂರದಲ್ಲಿರಬೇಕು. ಬಂಡೆಯ ನೆತ್ತಿಯಲ್ಲಿ ನಿಂತ ಮರಗಳನ್ನು ಚೌಕಟ್ಟಿನೊಳಗೆ ಬಿಡಿ. ಅವು ದೊಡ್ಡ ಮರಗಳು ಎಂದು ನೋಡುವವರಿಗೆ ಗೊತ್ತು. ಆ ಮರಗಳೇ ಕೊತ್ತಂಬರಿ ಸೊಪ್ಪಿನಂತೆ ಕಂಡಾಗ ಉಳಿದ ಲೆಕ್ಕವನ್ನು ಅವರ ಮನಸ್ಸೇ ಹಾಕಿಕೊಳ್ಳುತ್ತದೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಬರಲೇಬೇಕು ಎಂಬ ಹಟ ಬಿಡಿ. ಒಂದೇ ಧಾರೆಯನ್ನು ಫೋನ್ ಉದ್ದಕ್ಕೆ ಹಿಡಿದು ತೆಗೆದರೆ ಬೀಳುವ ನೀರಿಗೆ ಬೀಳಲು ಜಾಗ ಸಿಗುತ್ತದೆ.

ಸೂರ್ಯಾಸ್ತದ್ದೂ ಇದೇ ಕಥೆ. ಮಲ್ಪೆಯಲ್ಲಿ ಬಟ್ಟಲಿನಷ್ಟು ಕಂಡ ಸೂರ್ಯ ಫೋಟೋದಲ್ಲಿ ರಂಗೋಲಿ ಚುಕ್ಕಿಯಾಗುತ್ತಾನೆ. ಲೆಕ್ಕ ಸರಳ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಫೋನಿನ 1 ಎಂಬ ಲೆನ್ಸ್ ಅಡ್ಡಕ್ಕೆ ಸುಮಾರು 70 ಡಿಗ್ರಿ ನೋಡುತ್ತದೆ. ಅಂದರೆ ಆ ಚೌಕಟ್ಟಿನಲ್ಲಿ ಸಾಲಾಗಿ 140 ಸೂರ್ಯರನ್ನು ಜೋಡಿಸಬಹುದು! 3 ಎಂಬ ಲೆನ್ಸ್‌ನಲ್ಲಿ ಐವತ್ತು ಚಿಲ್ಲರೆ.

ಸೂರ್ಯ ದೊಡ್ಡದಾಗಿ ಕಾಣಬೇಕಾದರೆ ಅದರ ಮುಂದೆ ಇರುವ ವಸ್ತುವಿನಿಂದ ನೀವು ದೂರ ಹೋಗಬೇಕು. ದೋಣಿಯ ಪಕ್ಕದಲ್ಲಿ ನಿಂತ ಮನುಷ್ಯನಿಂದ ಹಿಂದೆ ಹಿಂದೆ ಸರಿದಂತೆ ಅವನು ಚಿಕ್ಕವನಾಗುತ್ತಾನೆ, ಸೂರ್ಯ ಮಾತ್ರ ಇದ್ದಷ್ಟೇ ಇರುತ್ತದೆ. ಸುಮಾರು 180 ಮೀಟರ್ ದೂರ ಹೋದಾಗ ಅವನ ಎತ್ತರವೂ ಸೂರ್ಯನ ಅಗಲವೂ ಸಮ. ಅಲ್ಲಿಂದ ದೂರದ ಲೆನ್ಸ್ ಹಾಕಿ. ಇಲ್ಲಿಯೂ ಕೆಲಸ ಮಾಡಿದ್ದು ನಿಂತ ಜಾಗವೇ, ಅಲ್ವಾ? ಕಣ್ಣಿಟ್ಟು ನೋಡುವ ಕಿಂಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ನಿಮ್ಮದಾದರೆ ಅದರಲ್ಲಿ ಸೂರ್ಯನನ್ನು ನೇರ ನೋಡಬೇಡಿ, ಕಣ್ಣಿಗೆ ಹಾನಿ. ಹಿಂಬದಿಯ ಪರದೆ ಬಳಸಿ.

4. ಬೆಳಕು ಯಾವ ಕಡೆಯಿಂದ ಬರುತ್ತಿದೆ?

"ಬೆಳಗ್ಗೆ ಬೇಗ ಅಥವಾ ಸಂಜೆ ತೆಗೆಯಿರಿ" ಎಂಬ ಸಲಹೆ ನೀವು ಕೇಳಿರುತ್ತೀರಿ. ಅದು ಅರ್ಧ ಸಲಹೆ. ಬೆಳಗ್ಗೆಯೋ ಸಂಜೆಯೋ ಎಂದು ಹೇಳುವುದು ಜಾಗ.

ನಮ್ಮ ಹೆಚ್ಚಿನ ದೇವಸ್ಥಾನಗಳು ಪೂರ್ವಕ್ಕೆ ಮುಖ ಮಾಡಿವೆ. ಹಂಪಿಯ ವಿರೂಪಾಕ್ಷ ಗೋಪುರವೂ ಹಾಗೇ. ಬಜಾರು ಬೀದಿಯಲ್ಲಿ ನಿಂತು ತೆಗೆಯುವುದಾದರೆ ಬೆಳಗ್ಗೆಯೇ ಹೋಗಬೇಕು. ಸಂಜೆ ಅದೇ ಜಾಗದಲ್ಲಿ ಸೂರ್ಯ ಗೋಪುರದ ಹಿಂದೆ ಇರುತ್ತಾನೆ. ಆಗ ಗೋಪುರ ಕಪ್ಪು ಆಕಾರವಾಗಿ ಮಾತ್ರ ಬರುತ್ತದೆ. ಅದನ್ನು ಸಿಲೂಯೆಟ್ ಅನ್ನುತ್ತಾರೆ. ಅದೂ ಚೆಂದವೇ, ಆದರೆ ಅದೇ ಬೇಕು ಎಂದು ತೀರ್ಮಾನಿಸಿ ತೆಗೆಯಿರಿ. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಪೂರ್ವದ ದಂಡೆಯಲ್ಲಿರುವ ಭೂತನಾಥ ದೇವಸ್ಥಾನ ಕೆರೆಯ ಕಡೆಗೆ, ಪಶ್ಚಿಮಕ್ಕೆ ನೋಡುತ್ತದೆ. ಅಲ್ಲಿಗೆ ಸಂಜೆ ಹೋಗಿ. ಕೆಂಪು ಮರಳುಗಲ್ಲಿಗೆ ಸಂಜೆಯ ಬಿಸಿಲು ಬಿದ್ದಾಗ ಗಾಳಿ ನಿಂತಿದ್ದರೆ ನೀರಿನಲ್ಲೂ ಅದೇ ಕೆಂಪು.

ಶಿಲ್ಪಗಳಿಗೆ ಲೆಕ್ಕ ಬೇರೆ. ಹಳೇಬೀಡಿನ ಗೋಡೆಯ ಆನೆ ಸಾಲು, ಕುದುರೆ ಸಾಲು ಎದ್ದು ಕಾಣಬೇಕಾದರೆ ಬೆಳಕು ಗೋಡೆಯನ್ನು ಸವರಿಕೊಂಡು ಹೋಗಬೇಕು. ಎದುರಿನಿಂದ ಬಿದ್ದರೆ ಕೆತ್ತನೆಯ ಕುಳಿಗಳು ತುಂಬಿಹೋಗಿ ಕಲ್ಲು ಚಪ್ಪಟೆಯಾಗುತ್ತದೆ. ಪಶ್ಚಿಮದ ಗೋಡೆಗೆ ಬಿಸಿಲು ಆಗತಾನೇ ತಾಗಲು ಶುರುವಾಗುವುದು ಮಧ್ಯಾಹ್ನ ದಾಟಿದ ಮೇಲೆ. ಎಲ್ಲರೂ ಊಟಕ್ಕೆ ಹೋಗುವ ಆ ಹೊತ್ತಿನಲ್ಲಿ ಚಿಕ್ಕಚಿಕ್ಕ ಕೆತ್ತನೆಗೂ ನೆರಳು ಹುಟ್ಟುತ್ತದೆ. ನಡು ಮಧ್ಯಾಹ್ನದ ಬಿಸಿಲು ಕೆಟ್ಟದ್ದು ಎಂಬ ಮಾತನ್ನು ನಾನು ಬಿಟ್ಟದ್ದು ಆ ಗೋಡೆಯ ಮುಂದೆ.

ಸಂಜೆ ಎಷ್ಟು ಹೊತ್ತು ಉಳಿದಿದೆ ಎಂದು ತಿಳಿಯಲು ಗಡಿಯಾರ ಬೇಡ. ಕೈ ನೀಳವಾಗಿ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ದಿಗಂತದಿಂದ ಸೂರ್ಯನವರೆಗೆ ಎಷ್ಟು ಬೆರಳು ಎಂದು ಎಣಿಸಿ. ಒಂದು ಬೆರಳಿಗೆ ಸುಮಾರು 15 ನಿಮಿಷ. ದಿಗಂತ ಅಂದರೆ ನೆಲ ಆಕಾಶ ಕೂಡುವ ಗೆರೆ. ಘಟ್ಟದಲ್ಲಿದ್ದರೆ ಎದುರಿನ ಗುಡ್ಡದ ನೆತ್ತಿಯಿಂದ ಎಣಿಸಿ. ಸೂರ್ಯ ಮುಳುಗಿದ ಮೇಲೆ ಓಡಿಬರಬೇಡಿ. ನಮ್ಮಲ್ಲಿ ಅದಾದ ಮೇಲೆ ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ತಿಳಿ ಬೆಳಕು ಇರುತ್ತದೆ. ಆಕಾಶದ ನೀಲಿಯೂ ಮನೆಗಳ ದೀಪವೂ ಸಮಸಮ ಕಾಣುವುದು ಆಗಲೇ.

ಮಳೆಗಾಲದ ಮೋಡ ಬಿಸಿಲನ್ನು ಸೋಸಿ ಕೊಡುತ್ತದೆ, ಹಸಿರಿಗೆ ಅದಕ್ಕಿಂತ ಒಳ್ಳೆ ಬೆಳಕಿಲ್ಲ. ಎಚ್ಚರ ಒಂದೇ: ಬಿಳಿ ಆಕಾಶವನ್ನು ಆದಷ್ಟು ಚೌಕಟ್ಟಿನಿಂದ ಹೊರಗಿಡಿ. ಮಳೆ ಹನಿಯೇ ಕಾಣಬೇಕಾದರೆ ಹಿಂದೆ ಕಪ್ಪಗಿನದೇನಾದರೂ ಇರಲಿ: ತೆರೆದ ಬಾಗಿಲಿನ ಕತ್ತಲೆ, ಅಡಿಕೆ ತೋಟದ ಒಳಗು. ಚಹಾ ಅಂಗಡಿಯ ಹಬೆಗೂ ಊದುಬತ್ತಿಯ ಹೊಗೆಗೂ ಇದೇ ಉಪಾಯ. ಬೆಳಕು ಹಬೆಯ ಹಿಂದಿನಿಂದ ಬರಬೇಕು, ಅದರ ಹಿಂದೆ ಕತ್ತಲೆ ಇರಬೇಕು.

ಬೆಳಕು ಜಾಸ್ತಿಯಾಗಿ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತಿದ್ದರೆ ಪರದೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಚಿಕ್ಕ ಸೂರ್ಯನ ಗುರುತೋ ಪಟ್ಟಿಯೋ ಬರುತ್ತದೆ, ಅದನ್ನು ಕೆಳಕ್ಕೆ ಎಳೆಯಿರಿ. ಇದೇ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ.

5. ಅಂಚುಗಳನ್ನು ಸುತ್ತಿಬನ್ನಿ

ಕ್ಲಿಕ್ಕಿಸುವ ಮೊದಲು ಕಣ್ಣನ್ನು ಚೌಕಟ್ಟಿನ ನಾಲ್ಕೂ ಅಂಚಿನ ಮೇಲೆ ಒಂದು ಸುತ್ತು ಓಡಿಸಿ. ಅರ್ಧ ಬೈಕು, ಯಾರದೋ ಮೊಣಕೈ, ನೀರಿನ ಬಾಟಲಿ ಅಲ್ಲೇ ಕೂತಿರುತ್ತವೆ. ಒಳಗೆ ಬರುವುದಿದ್ದರೆ ಪೂರ್ತಿ ಬರಲಿ, ಇಲ್ಲದಿದ್ದರೆ ಹೊರಗೆ ಹೋಗಲಿ. ಸಮುದ್ರ ಇದ್ದರೆ ದಿಗಂತವನ್ನು ಗ್ರಿಡ್ ಗೆರೆಗೆ ಸಮ ಮಾಡಿ.

ಚೌಕಟ್ಟನ್ನು ಮೂರು ಮೂರು ಪಾಲು ಮಾಡಿ, ಮುಖ್ಯ ವಸ್ತುವನ್ನು ಗೆರೆಗಳು ಕೂಡುವಲ್ಲಿ ಇಡಿ ಎಂಬ ನಿಯಮವನ್ನು ರೂಲ್ ಆಫ್ ಥರ್ಡ್ಸ್ ಅನ್ನುತ್ತಾರೆ. ಕಲಿಯುವಾಗ ಒಳ್ಳೆಯದು. ಆದರೆ ಕೆರೆಯಲ್ಲಿ ಗುಡ್ಡದ ಪ್ರತಿಬಿಂಬ ಬಿದ್ದಾಗ ಗೆರೆ ನಟ್ಟನಡುವೆ ಬಂದರೇ ಸರಿ. ನಿಮ್ಮ ಮೊದಲ ಹಂತದ ವಾಕ್ಯ ಏನು ಹೇಳಿತೋ ಅದನ್ನು ನಂಬಿ.

6. ದಿನನಿತ್ಯದ ದೃಶ್ಯ: ಹಿನ್ನೆಲೆ ಮೊದಲು, ಮನುಷ್ಯರು ಆಮೇಲೆ

ಬೆಟ್ಟ ಕಾಯುತ್ತದೆ, ಮಾರುಕಟ್ಟೆ ಕಾಯುವುದಿಲ್ಲ. ಹಾಗಾಗಿ ಇಲ್ಲಿ ಕ್ರಮ ತಿರುವುಮುರುವು. ಮೊದಲು ಹಿನ್ನೆಲೆ ಆರಿಸಿ, ಬೆಳಕು ನೋಡಿ, ಚೌಕಟ್ಟು ಕಟ್ಟಿಟ್ಟುಕೊಳ್ಳಿ. ಆಮೇಲೆ ಅದರೊಳಗೆ ಏನಾಗುತ್ತದೋ ಅದಕ್ಕೆ ಕಾಯಿರಿ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವರ ಮುಂದೆ ಹತ್ತು ನಿಮಿಷ ನಿಂತು ಕೈ ನೋಡಿ. ಮಲ್ಲಿಗೆ ದಂಡೆಯ ತುದಿಯನ್ನು ಬೆರಳ ತುದಿಗೆ ಸಿಕ್ಕಿಸಿ, ಮೊಣಕೈವರೆಗೆ ಎಳೆದು, ಒಂದು ಮೊಳ. ಮತ್ತೆ ಎಳೆದು, ಎರಡು. ಆಮೇಲೆ ದಾರ ಕತ್ತರಿಸಿ ಬಾಳೆ ಎಲೆಯಲ್ಲಿ ಸುತ್ತುವುದು. ಇಷ್ಟೂ ಕೆಲವೇ ಸೆಕೆಂಡಿನ ಕೆಲಸ, ಪ್ರತಿ ಗಿರಾಕಿಗೂ ಅದೇ ಲಯದಲ್ಲಿ ಮತ್ತೆ ಬರುತ್ತದೆ. ಇದರಲ್ಲಿ ಯಾವ ಗಳಿಗೆ ನಿಮ್ಮ ಫೋಟೋ? ನನಗೆ ತೋಳು ಪೂರ್ತಿ ಚಾಚಿ ದಂಡೆ ಬಿಗಿಯಾದ ಗಳಿಗೆ. ಆಗ ಹೂವಿನ ಬಿಳಿ ಗೆರೆ ಬೆರಳಿನಿಂದ ಮೊಣಕೈವರೆಗೆ ನೆಟ್ಟಗೆ ನಿಲ್ಲುತ್ತದೆ, ಅವರ ಕಣ್ಣು ಗಿರಾಕಿಯ ಕಡೆ ಇರುತ್ತದೆ. ಮೂರನೇ ಗಿರಾಕಿ ಬರುವ ಹೊತ್ತಿಗೆ ಲಯ ನಿಮಗೆ ಬಂದಿರುತ್ತದೆ. ತೋಳು ಚಾಚುವ ಸ್ವಲ್ಪ ಮೊದಲೇ ಒತ್ತಿ, ಆಗ ಸರಿಯಾಗಿ ಸಿಗುತ್ತದೆ.

ಅವರು ಕೂತಿದ್ದರೆ ನೀವೂ ಕೂರಿ. ನಿಂತು ಕೆಳಗೆ ಬಗ್ಗಿ ತೆಗೆದರೆ ನೆತ್ತಿ, ನೆಲ, ಕಸ ಬರುತ್ತವೆ. ಕೂತರೆ ಅವರ ಕಣ್ಣು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಳ ಮಾತ್ರ ಇದಕ್ಕೆ ಹೊರತು. ಮೇಲಿನ ಮಹಡಿಯಿಂದ ಬಗ್ಗಿ ನೋಡಿದರೆ ಚೆಂಡು ಹೂ, ಸೇವಂತಿಗೆ ರಾಶಿಗಳು ನೆಲಕ್ಕೆ ಬಣ್ಣ ಹಚ್ಚಿದ ಹಾಗೆ ಕಾಣುತ್ತವೆ.

ಇಲ್ಲಿ ಒಂದು ಮೋಸವಿದೆ. ಅಂಗಡಿಗಳ ಮೇಲೆ ಕಟ್ಟಿದ ನೀಲಿ ಟಾರ್ಪಾಲು. ಅದರ ಮೂಲಕ ಸೋಸಿ ಬರುವ ಬೆಳಕು ಎಲ್ಲರ ಮುಖವನ್ನೂ ನೀಲಿ ಮಾಡುತ್ತದೆ. ನಮ್ಮ ಕಣ್ಣು ಅದಕ್ಕೆ ಬೇಗ ಹೊಂದಿಕೊಳ್ಳುವುದರಿಂದ ಅಲ್ಲಿದ್ದಾಗ ಗೊತ್ತೇ ಆಗುವುದಿಲ್ಲ. ಟಾರ್ಪಾಲು ಮುಗಿಯುವ ಅಂಚಿನಲ್ಲಿರುವ ಅಂಗಡಿ ಹುಡುಕಿ. ಅದೂ ಆಗದಿದ್ದರೆ ಕಪ್ಪು ಬಿಳುಪು ಮಾಡಿ.

ಇನ್ನು ಅನುಮತಿ. ಕೇಳಿ. ನಾನು ಮೊದಮೊದಲು ಕೇಳದೇ ತೆಗೆಯುತ್ತಿದ್ದೆ. ಒಮ್ಮೆ ಒಬ್ಬ ಅಜ್ಜಿ ಏನೂ ಮಾತಾಡದೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಂದಿನಿಂದ ಕೇಳುತ್ತೇನೆ. ಕೇಳಿದರೆ ಸಹಜತೆ ಹೋಗುತ್ತದೆ ಎನ್ನುವವರಿಗೆ ನನ್ನ ಉತ್ತರ: ಹೌದು, ಐದು ನಿಮಿಷ ಹೋಗುತ್ತದೆ. ಕಾಲು ಕೆ.ಜಿ. ಹೂ ತಗೊಂಡು, ಬೆಲೆ ಕೇಳಿ, ಅಲ್ಲೇ ಕೂತಿರಿ. ಹೊಸ ಗಿರಾಕಿ ಬಂದಾಗ ಅವರು ನಿಮ್ಮನ್ನು ಮರೆತು ಕೆಲಸಕ್ಕೆ ಇಳಿಯುತ್ತಾರೆ. ನದಿಯಲ್ಲಿ ಸ್ನಾನ ಮಾಡುವವರನ್ನು, ದುಃಖದಲ್ಲಿರುವವರನ್ನು ತೆಗೆಯಬೇಡಿ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ.

7. ಮನೆಗೆ ಬಂದ ಮೇಲೆ

ಅವತ್ತೇ ಆರಿಸಬೇಡಿ. ಅವತ್ತು ಬೆಟ್ಟ ಹತ್ತಿದ ಸುಸ್ತು, ತಂಗಾಳಿ ಎಲ್ಲ ಮನಸ್ಸಿನಲ್ಲಿರುತ್ತದೆ, ಫೋಟೋದಲ್ಲಿ ಇಲ್ಲದ್ದನ್ನೂ ಕಂಡ ಹಾಗಾಗುತ್ತದೆ. ವಾರ ಬಿಟ್ಟು ನೋಡಿ. ಒಂದೇ ದೃಶ್ಯದ ಇಪ್ಪತ್ತು ಇದ್ದರೆ ಒಂದನ್ನು ಉಳಿಸಿ. ಬಣ್ಣ ಏರಿಸುವ ಪಟ್ಟಿಯನ್ನು ಮುಟ್ಟುವ ಮೊದಲು ವಾಲಿದ ದಿಗಂತ ಸರಿಮಾಡಿ, ಅಂಚಿನಲ್ಲಿ ಉಳಿದ ಕಸ ಕತ್ತರಿಸಿ. ಎಷ್ಟೋ ಫೋಟೋಗಳಿಗೆ ಅಷ್ಟೇ ಸಾಕು. ಗದ್ದೆಯ ಹಸಿರು ರೇಡಿಯಂ ಹಾಗೆ ಹೊಳೆಯಲು ಶುರುವಾದರೆ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ.

ಒಳ್ಳೆಯದು ಅನ್ನಿಸಿದ್ದನ್ನು ಪ್ರಿಂಟ್ ಹಾಕಿಸಿ, ಚಿತ್ರದಲ್ಲಿ ಇದ್ದವರಿಗೂ ಒಂದು ಪ್ರತಿ ಕೊಡಿ. ಹೂವಿನವರಿಗೆ ಕೊಡುವ ಪ್ರಿಂಟ್ ಹಾಕಿಸುವಾಗ ಒಂದು ವಿಷಯ ಗಮನಿಸಿ. ಸ್ಟುಡಿಯೋದ ಮಾಮೂಲಿ ಅಳತೆ 4x6 ಇಂಚು, ಅಂದರೆ 3:2. ಫೋನಿನ ಫೋಟೋ 4:3. ಅಡ್ಡ ಫೋಟೋ ಆದರೆ ಪೂರ್ತಿ ಕಾಗದ ತುಂಬಿಸುವಾಗ ಎತ್ತರದಲ್ಲಿ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿಹೋಗುತ್ತದೆ. ಉದ್ದ ಫೋಟೋ ಆದರೆ ಅಕ್ಕಪಕ್ಕದಲ್ಲಿ ಅಷ್ಟೇ ಹೋಗುತ್ತದೆ. ಕೊಡುವ ಮೊದಲು ನೀವೇ 3:2ಕ್ಕೆ ಕತ್ತರಿಸಿ ನೋಡಿ. ಇಲ್ಲದಿದ್ದರೆ ಅಷ್ಟು ಹೊತ್ತು ಕಾದು ಹಿಡಿದ ಮೊಳದ ತುದಿ, ಆ ಬೆರಳು, ಸ್ಟುಡಿಯೋದ ಕತ್ತರಿಗೆ ಹೋಗಿಬಿಡುತ್ತದೆ.